ಎರಡು ಅಂಕಣ

ಸಕ್ಕರೆ ಡಬ್ಬ ಎಲ್ಲಿದೆಯೋ ವನಜಾಕ್ಷಿಗೆ ಸಿಗಲಿಲ್ಲ. ಒಲೆಯ ಮೇಲೆ ಹಾಲು ಇನ್ನೇನು ಉಕ್ಕುವುದರಲ್ಲಿತ್ತು. ಬಲಗಡೆಯ ಬಾಗಿಲು ತೆಗೆದಳು, ಗಾಜಿನ ಲೋಟಗಳು. ಅದರ ಕೆಳಗಿನದನ್ನು ಎಳೆದಳು, ಚಮಚ, ಸೌಟು, ಯಾವುದೋ ಬೀಗದ ಕೈ. ಒಂದೇ ಬಣ್ಣದ, ಒಂದೇ ಅಳತೆಯ ಇಷ್ಟೊಂದು ಬಾಗಿಲುಗಳನ್ನು ಅಡುಗೆಮನೆಗೆ ಇಡಿಸಿದ ಪುಣ್ಯಾತ್ಮರು ಯಾವುದರ ಹಿಂದೆ ಏನಿದೆ ಎಂದು ನೆನಪಿಟ್ಟುಕೊಳ್ಳುವುದಾದರೂ ಹೇಗೆ? ಬೆನ್ನ ಹಿಂದೆ ಸ್ಟೂಲಿನ ಮೇಲೆ ಕೂತಿದ್ದ ಜೋಗಮ್ಮ, ಮಗನಿಗೆ ನೋಡಿದ ಹುಡುಗಿಯ ಅಜ್ಜಿ, ಅವಳ ಕೈ ಹೋದ ಕಡೆಗೆಲ್ಲ ಕಣ್ಣು ಕಳಿಸುತ್ತಿದ್ದಳು.

"ಏನ್ ಹುಡುಕ್ತಿದೀಯವ್ವ?"

"ಸಕ್ರೆ ಅಜ್ಜಿ. ನಮ್ಮಕ್ಕ ನಿನ್ನೆ ಎಲ್ಲಾ ತೊಳ್ದು ಜೋಡ್ಸವ್ರೆ. ಎಲ್ಲಿಟ್ಟವ್ರೋ ಏನೋ."

ಬೆಳಗಿನಿಂದ ಇದು ನಾಲ್ಕನೆಯ ಸುಳ್ಳು. ಅಕ್ಕ ಎಂದರೆ ಓರಗಿತ್ತಿ ಮಾಲತಿ, ಈ ಮನೆಯ ನಿಜವಾದ ಯಜಮಾನಿ. ಬೀಗರು ಹನ್ನೆರಡರ ಬಸ್ಸಿಗೆ ಬರುತ್ತಾರೆಂದು ನಂಬಿ ಆಕೆ ಈಗ ಮಹಡಿಯ ಮೇಲೆ ತಲೆಗೆ ನೀರು ಹಾಕಿಕೊಳ್ಳುತ್ತಿದ್ದಳು. ನನ್ನಿವಾಳದವರು ಹತ್ತೂವರೆಗೇ ಬಿ.ಜಿ. ಕೆರೆಯಲ್ಲಿ ಇಳಿದುಬಿಟ್ಟಿದ್ದರು.

ಹಾಲು ಉಕ್ಕಿ ಒಲೆಯ ಮೇಲೆಲ್ಲ ಹರಿಯಿತು. ಆರಿಸುವ ತಿರುಪು ಯಾವುದೆಂದು ಗೊತ್ತಾಗದೆ ಎರಡನ್ನೂ ತಿರುಗಿಸಿದಳು. ಜೋಗಮ್ಮ ಸೆರಗಿನಿಂದ ಕತ್ತಿನ ಬೆವರು ಒರೆಸಿಕೊಂಡಳು. ಕರೆಂಟು ಹೋಗಿ ಅರ್ಧ ಗಂಟೆಯಾಗಿತ್ತು. ಯುಗಾದಿ ಕಳೆದ ಮೇಲಿನ ಬಿಸಿಲು, ತಾರಸಿ ಕಾದು ಕೆಳಗಿದ್ದವರನ್ನು ಬೇಯಿಸುತ್ತಿತ್ತು. ಕರೆಂಟು ತೆಗೆದವನು ಬೇರೆ ಯಾರೂ ಅಲ್ಲ, ವನಜಾಕ್ಷಿಯ ಮಗ ಲೋಹಿತನೇ. ಅವನು ಲೈನ್‌ಮನ್. ಕೊಂಡ್ಲಹಳ್ಳಿ ಕಡೆ ತಂತಿ ಹರಿದಿದೆಯೆಂದು ಬೆಳಿಗ್ಗೆಯೇ ಹೋದವನು ಈಗ ಎಲ್ಲೋ ಕಂಬ ಹತ್ತಿ ಕೂತಿದ್ದ.

"ನಿಮ್ಮ ಹುಡ್ಗ ನಮ್ಮ ಶಿಲ್ಪಾಗೆ ಫೋನಾಗೆ ಹೇಳಿದ್ನಂತೆ," ಎಂದಳು ಜೋಗಮ್ಮ. "ನಮ್ಮನೆ ಎಂಥಾ ಬ್ಯಾಸಿಗೇಲೂ ತಂಪು, ಪ್ಯಾನೇ ಬ್ಯಾಡ ಅಂತ. ನನಗಂತೂ ಇಲ್ಲಿ ಜೀವ ಕುದೀತೈತೆ ಕಣವ್ವ."

ವನಜಾಕ್ಷಿ ಬಟ್ಟೆ ತೆಗೆದುಕೊಂಡು ಚೆಲ್ಲಿದ ಹಾಲು ಒರೆಸತೊಡಗಿದಳು. ಅವನು ಹೇಳಿದ್ದು ಸುಳ್ಳಲ್ಲ. ಅವನು ಹೇಳಿದ್ದು ಈ ಮನೆಯ ಮಾತಲ್ಲ, ಅಷ್ಟೇ.

ವನಜಾಕ್ಷಿಯ ಸ್ವಂತ ಮನೆ ಇದೇ ಓಣಿಯ ಆ ತುದಿಗಿತ್ತು. ಎರಡು ಅಂಕಣದ ಮಾಳಿಗೆ ಮನೆ. ಮುಂದಿನ ಅಂಕಣವೇ ಪಡಸಾಲೆ. ಹಿಂದಿನದರಲ್ಲಿ ಅರ್ಧ ಅಡುಗೆ, ಅರ್ಧ ಕೋಣೆ. ಮೇಲೆ ತೊಲೆ, ತೊಲೆಯ ಮೇಲೆ ಜಂತೆ, ಅದರ ಮೇಲೆ ವರ್ಷ ವರ್ಷವೂ ನೀರು ಇಳಿಯದ ಕರಲು ಮಣ್ಣು ಹಾಕಿ ತುಳಿದು ತುಳಿದು ಮೊಣಕೈಯುದ್ದ ದಪ್ಪವಾದ ಮಾಳಿಗೆ. ಆ ಮನೆಯಲ್ಲಿ ವನಜಾಕ್ಷಿ ಮಣೆಯ ಮೇಲೆ ಕೂತರೆ ಏಳದೆ ಆರು ಜನಕ್ಕೆ ಅಡುಗೆ ಮಾಡಿ ಬಡಿಸಬಲ್ಲಳು. ಎಡಕ್ಕೆ ಕೈ ಚಾಚಿದರೆ ಉಪ್ಪು, ಬಲಕ್ಕೆ ಚಾಚಿದರೆ ಸಕ್ಕರೆ, ಹಿಂದಕ್ಕೆ ಒರಗಿದರೆ ಗೋಡೆ. ಹೊಸ ಮನೆ ಕಟ್ಟುವ ಮಾತು ಬಾರದೆ ಇರಲಿಲ್ಲ. ಪಕ್ಕದಲ್ಲೇ ಜಾಗವಿತ್ತು, ಮಗನಿಗೆ ಸಂಬಳವಿತ್ತು, ಮಾಲತಿಯ ಗಂಡ, ಭಾವ ರಾಜಣ್ಣನೇ ಕಂಟ್ರಾಕ್ಟರು. ಆದರೆ ಗಂಡ ಪಾತಣ್ಣನಿಗೆ ಬೇಡವಾಗಿತ್ತು. ಮದುವೆಯಾಗುವವರೆಗೆ ಕುರಿಯ ಹಿಂದೆ ಬಯಲಲ್ಲಿ ಮಲಗಿದ ಮನುಷ್ಯ, ತಲೆಯ ಮೇಲೆ ಎರಡು ಅಂಕಣ ಸಿಕ್ಕಿದ್ದೇ ಅವನಿಗೆ ಅರಮನೆ. "ನಾಕು ಕೋಣೆ ಕಟ್ಟಿದ್ರೆ ನಾಕು ಜನ ನಾಕು ಕಡಿಗೆ ಕುತ್ಕಂತಾರೆ. ಊಟಕ್ಕೆ ಕೂಗಿ ಕೂಗಿ ನಿನ್ನ ಗಂಟ್ಲು ಹರಿದೋಗ್ತೈತೆ," ಎನ್ನುತ್ತಿದ್ದ. ಅವಳೂ ನಕ್ಕು ಸುಮ್ಮನಾಗುತ್ತಿದ್ದಳು. ಮದುವೆಯಾಗಿ ಬಂದ ಮೂವತ್ತಮೂರು ವರ್ಷದಲ್ಲಿ ಆ ಮನೆ ಚಿಕ್ಕದೆಂದು ಅವಳಿಗೆ ಒಂದು ದಿನವೂ ಅನ್ನಿಸಿರಲಿಲ್ಲ.

ಅನ್ನಿಸಿದ್ದು ಶಿವರಾತ್ರಿಯ ಮರುವಾರ. ಹಿರಿಯೂರು ಕಡೆಯ ಹೆಣ್ಣಿನವರು ಮನೆ ನೋಡಲು ಬಂದ ದಿನ.

ವನಜಾಕ್ಷಿಯವರ ಜನದಲ್ಲಿ ಹೆಣ್ಣು ನೋಡಿ ಒಪ್ಪಿಗೆಯಾದ ಮೇಲೆ ಹೆಣ್ಣಿನ ಕಡೆಯಿಂದ ಇಬ್ಬರು ಹಿರಿಯರು ಗಂಡಿನ ಮನೆ ನೋಡಲು ಬರುತ್ತಾರೆ. ಬರುವಾಗ ಒಂದು ತೆಂಗಿನಕಾಯಿ ತರುತ್ತಾರೆ. ಮನೆದೇವರ ಮುಂದೆ ಅದನ್ನು ಒಡೆದು, ಒಪ್ಪಿಗೆಯಾದರೆ ಒಂದು ಹೋಳನ್ನು ಗಂಡಿನ ಮನೆಯಲ್ಲೇ ಬಿಟ್ಟು ಇನ್ನೊಂದನ್ನು ಹುಡುಗಿಗೆಂದು ಒಯ್ಯುತ್ತಾರೆ. ಬಾಯಲ್ಲಿ ಹೌದು ಅಲ್ಲ ಏನೂ ಹೇಳುವ ಹಾಗಿಲ್ಲ. ಹಿರಿಯೂರಿನ ಆ ದೊಡ್ಡ ಮನುಷ್ಯ ಹೊಸ್ತಿಲಲ್ಲೇ ನಿಂತು ಒಳಗೆಲ್ಲ ಕಣ್ಣಾಡಿಸಿ, "ಮಿಕ್ಕಿದ್ದು ಎಲ್ಲೈತೆ?" ಎಂದು ಕೇಳಿದ್ದ. ಮಿಕ್ಕಿದ್ದು ಇರಲಿಲ್ಲ. ಕಾಯಿ ಚೀಲದಿಂದ ಹೊರಗೇ ಬರಲಿಲ್ಲ. ಅವತ್ತಿನಿಂದ ವನಜಾಕ್ಷಿ ತನ್ನ ಮನೆಯೊಳಗೆ ಹೆಜ್ಜೆ ಎಣಿಸತೊಡಗಿದಳು. ಬಾಗಿಲಿಂದ ಒಲೆಗೆ ಹದಿಮೂರು. ಒಮ್ಮೆ ಹೆಜ್ಜೆ ಚಿಕ್ಕದಾಗಿಟ್ಟು ಹದಿನಾರು ಮಾಡಿದಳು.

ಲೋಹಿತನಿಗೆ ಮೂವತ್ತೊಂದು ತುಂಬಿತ್ತು. ಮಾತು ಕಡಿಮೆಯ ಹುಡುಗ. ನನ್ನಿವಾಳಕ್ಕೆ ಹೋಗಿ ಶಿಲ್ಪಾಳನ್ನು ನೋಡಿ ಬಂದ ದಿನ ಮಾತ್ರ ಊಟಕ್ಕೆ ಕೂತವನು ತನ್ನಷ್ಟಕ್ಕೆ ನಕ್ಕಿದ್ದ. ಏನೋ ಎಂದು ಕೇಳಿದರೆ, "ಏನಿಲ್ಲ, ಸಾರು ಚೆನ್ನಾಗೈತೆ" ಎಂದಿದ್ದ. ಸಾರಿಗೆ ಅವತ್ತು ಉಪ್ಪೇ ಬಿದ್ದಿರಲಿಲ್ಲ. ಆ ನಗುವನ್ನು ತನ್ನ ಮನೆಯ ಹೊಸ್ತಿಲಲ್ಲಿ ನಿಂತು ಯಾರೋ ಕೆಡಿಸುವುದು ಅವಳಿಗೆ ಬೇಡವಾಗಿತ್ತು. ಹಾಗಾಗಿಯೇ ಭಾವ ರಾಜಣ್ಣ, "ನಮ್ಮನೇಗೆ ಕರ್ಕಂಬಾ. ಅಣ್ಣ ತಮ್ಮ ಒಟ್ಟಿಗಿದೀವಿ ಅಂದ್ರಾತು. ಅಣ್ಣನ ಮನೆ ತಮ್ಮನ ಮನೆ ಅಲ್ಲೇನು?" ಎಂದಾಗ ತಲೆಯಾಡಿಸಿಬಿಟ್ಟಳು. ಪಾತಣ್ಣ ಒಪ್ಪಲೂ ಇಲ್ಲ, ಬೇಡವೆನ್ನಲೂ ಇಲ್ಲ. ಲೋಹಿತ ಮಾತ್ರ ಬೂಟು ಹಾಕಿಕೊಳ್ಳುತ್ತ, "ಅವ್ವ, ನಾನು ಸುಳ್ಳು ಹೇಳಲ್ಲ" ಎಂದಿದ್ದ.

"ಹೇಳ್ಬ್ಯಾಡ. ಸುಮ್ನಿರು ಸಾಕು," ಎಂದಿದ್ದಳು ಅವಳು.

ಕೊನೆಗೂ ಸಕ್ಕರೆ ಸಿಕ್ಕಲಿಲ್ಲ. ಮಾಲತಿ ಒದ್ದೆ ಕೂದಲಿಗೆ ಟವೆಲ್ ಸುತ್ತಿಕೊಂಡೇ ಇಳಿದು ಬಂದು, ವನಜಾಕ್ಷಿ ಮೂರು ಸಲ ತೆಗೆದು ನೋಡಿದ್ದ ಬಾಗಿಲಿನ ಹಿಂದಿನಿಂದಲೇ ಡಬ್ಬ ತೆಗೆದು ಕೊಟ್ಟಳು. ಜೋಗಮ್ಮ ಅದನ್ನೂ ನೋಡಿದಳು.

ಹಾಲ್‌ನಲ್ಲಿ ಹುಡುಗಿಯ ಅಪ್ಪ ಚಿಕ್ಕೀರಪ್ಪ ಸೋಫಾದ ನಟ್ಟನಡುವೆ ಕೂತು ಚಾವಣಿ ನೋಡುತ್ತಿದ್ದ. ಎತ್ತರದ ಆಳು, ಮಾತು ನೆಟ್ಟಗೆ. "ಅಣ್ಣತಮ್ಮರು ಒಂದೇ ಒಲೆ ಇಟ್ಕಂಡಿರೋದು ಈ ಕಾಲದಾಗೆ ಎಲ್ಲೈತೆ ರಾಜಣ್ಣಾರೆ? ನಮ್ಮ ಹುಡ್ಗಿ ಪುಣ್ಯ," ಎಂದ. ರಾಜಣ್ಣ ಮೀಸೆಯಡಿಯಲ್ಲಿ ನಕ್ಕ. ಪಾತಣ್ಣ ಸೋಫಾದ ತುದಿಯಲ್ಲಿ, ಬಸ್ಸಿನಲ್ಲಿ ಬೇರೆಯವರ ಸೀಟಿನಲ್ಲಿ ಕೂತವನ ಹಾಗೆ, ಟವೆಲ್ಲು ಹಿಂಡುತ್ತ ಕೂತಿದ್ದ. ಗೋಡೆಗೆ ನಿನ್ನೆ ಮೊಳೆ ಹೊಡೆದು ಲೋಹಿತನ ಫೋಟೋ ತೂಗುಹಾಕಿದ್ದರು. ಬಾಗಿಲಲ್ಲಿ ಪಾತಣ್ಣನ ಇನ್ನೊಂದು ಜೊತೆ ಚಪ್ಪಲಿ ಇಟ್ಟಿದ್ದರು. ಬೀರುವಿನಲ್ಲಿ ವನಜಾಕ್ಷಿಯ ನಾಲ್ಕು ಸೀರೆ. ಅವಳ ಒಳ್ಳೆಯ ಸ್ಟೀಲಿನ ಸಾಮಾನು, ಎರಡು ಕುರ್ಚಿ ಎಲ್ಲ ಇಲ್ಲಿಗೇ ಬಂದಿದ್ದವು. ವಾರವೆಲ್ಲ ಕೂತು ಯೋಚಿಸಿ ಯೋಚಿಸಿ ಏನೊಂದೂ ಮರೆತಿರಲಿಲ್ಲ.

ಟೀ ತಟ್ಟೆ ಮುಂದಿಟ್ಟಾಗ ಜೋಗಮ್ಮ ಕೈ ಅಡ್ಡ ಮಾಡಿದಳು.

"ಮದ್ಲು ಕಾಯಿ ಒಡೆಯಾನ. ದೇವ್ರು ಎಲ್ಲೈತೆ ತೋರ್ಸವ್ವ."

ಮಾಲತಿ ಮುಂದೆ ಹೋಗಿ ದೇವರ ಕೋಣೆಯ ಬಾಗಿಲು ತೆಗೆದಳು. ಬಿಳಿ ಟೈಲ್ಸು, ಗಂಟೆ ಕೆತ್ತಿದ ಬಾಗಿಲು, ಸಾಲಾಗಿ ಫೋಟೋಗಳು. ಜೋಗಮ್ಮ ಒಂದೊಂದನ್ನೇ ಹತ್ತಿರದಿಂದ ನೋಡಿ ಕೈಮುಗಿದಳು. ಮೂಲೆ ನೋಡಿದಳು. ಮೇಲಿನ ಹಲಗೆ ನೋಡಿದಳು. ಆಮೇಲೆ ತಿರುಗಿದಳು.

"ಪಟ ಎಲ್ಲಾ ಐತೆ. ಪೆಟ್ಟಿಗೆ ಎಲ್ಲಿ?"

ವನಜಾಕ್ಷಿ ಮಾಲತಿಯ ಮುಖ ನೋಡಿದಳು. ಕುರ್ಚಿ, ಫೋಟೋ, ಚಪ್ಪಲಿ, ಸೀರೆ ಎಲ್ಲ ನೆನಪಿತ್ತು, ದೇವರೊಂದು ಮರೆತುಹೋಗಿತ್ತು. ಅವರ ಜನದ ವಾಡಿಕೆಯಂತೆ ಮನೆದೇವರು ಇದ್ದದ್ದು ಬಿದಿರಿನ ಪೆಟ್ಟಿಗೆಯಲ್ಲಿ, ಹಿರಿಯರ ಬೆತ್ತದ ಜೊತೆ. ಆ ಪೆಟ್ಟಿಗೆ ಇದ್ದದ್ದು ಎರಡು ಅಂಕಣದ ಮನೆಯ ಗೂಡಿನಲ್ಲಿ. ಎಂಟು ವರ್ಷದ ಹಿಂದೆ ರಾಜಣ್ಣ ಈ ಮನೆ ಕಟ್ಟಿ ಗೃಹಪ್ರವೇಶಕ್ಕೆ ಮುಂಚೆ ದೇವರನ್ನು ಕರೆಯಲು ಹೋಗಿದ್ದ. ಬರುವುದಾದರೆ ಬಲಗಡೆ ಹೂ ಕೊಡು ಎಂದು ಮೂರು ಸಲ ಕೇಳಿದರೂ ಬಲಗಡೆ ಹೂ ಬೀಳಲಿಲ್ಲ. ಪಾತಣ್ಣನ ಮನೆಯಲ್ಲೇ ಇರುತ್ತದಂತೆ ಎಂದು ಊರೆಲ್ಲ ಮಾತಾಯಿತು, ರಾಜಣ್ಣನಿಗೆ ಆ ಮುನಿಸು ಇನ್ನೂ ಇತ್ತು.

"ಸುಣ್ಣಬಣ್ಣ ನಡೀತಿತ್ತಲ್ಲ ಅಜ್ಜಿ," ಎಂದ ರಾಜಣ್ಣ. "ಅದ್ಕೆ ಪೆಟ್ಟಿಗೇನ ಹಳೇ ಮನೇಲಿ ಇಟ್ಟೀವಿ."

"ದೇವ್ರನ್ನ ಹೊರಗಿಟ್ಟು ನೀವು ಒಳಗದೀರಾ?"

ರಾಜಣ್ಣನ ಮುಖ ಕೆಂಪಾಯಿತು. "ಹಂಗಲ್ಲಜ್ಜಿ. ಲೇ ಪಾತಣ್ಣ, ಹೋಗಿ ಪೆಟ್ಟಿಗೆ ತಗಂಬಾ. ಐದು ನಿಮಿಷದ ಕೆಲಸ."

ಪಾತಣ್ಣ ಎದ್ದು ನಿಂತ. ಹೋಗಲಿಲ್ಲ. ನೆಲ ನೋಡಿದ, ಹೆಂಡತಿಯ ಮುಖ ನೋಡಿದ. ಆ ಪೆಟ್ಟಿಗೆಯನ್ನು ಗಂಗೆಪೂಜೆಗೆ ಎತ್ತುವಾಗಲೂ ಒಪ್ಪೊತ್ತು ಉಪವಾಸವಿರುವ ಮನುಷ್ಯ. ಈಗ ಹೋಗಿ ಅದನ್ನು ಗ್ಯಾಸ್ ಸಿಲಿಂಡರಿನ ಹಾಗೆ ಹೊತ್ತು ತಾ ಎಂದರೆ ಅವನು ಎಲ್ಲಿಗೆ ಹೋಗಬೇಕು? ವನಜಾಕ್ಷಿಗೆ ಗಂಡನನ್ನು ಕಂಡು ಅಯ್ಯೋ ಅನ್ನಿಸಿತು, ತನ್ನ ಮೇಲೆ ಅಸಹ್ಯವಾಯಿತು. ಈ ಸಂಬಂಧ ಇಲ್ಲಿಗೆ ಮುಗಿಯಿತು ಎಂದು ತಿಳಿದೇ ಬಾಯಿ ತೆಗೆದಳು.

"ದೇವ್ರು ಅದರ ಮನೇಲೈತೆ ಅಜ್ಜಿ. ಅದೇ ನಮ್ಮನೆ. ಇದು ಬಾವಾರ ಮನೆ. ನಾವು ಇಲ್ಲಿರೋದಲ್ಲ."

ಹಾಲ್‌ನಲ್ಲಿ ಚಿಕ್ಕೀರಪ್ಪ ನಿಧಾನಕ್ಕೆ ಎದ್ದ. ಟೀ ಲೋಟ ತಟ್ಟೆಯ ಮೇಲೇ ಉಳಿಯಿತು.

"ನಡಿಯವ್ವ. ಹನ್ನೆರಡಕ್ಕೆ ಬಸ್ಸೈತೆ."

"ಅಪ್ಪಾ, ಒಂದು ಮಾತು..." ಎಂದ ಪಾತಣ್ಣ.

"ಮನೆ ಚಿಕ್ಕದು ಅಂದಿದ್ರೆ ನಾನೇನು ನಗ್ತಿದ್ನಾ? ಮುಚ್ಚಿಟ್ಟಿದ್ದು ಯಾಕೆ? ನಾಳೆ ನನ್ನ ಮಗಳಿಗೆ ಇನ್ನೇನೇನು ಮುಚ್ಚಿಡ್ತೀರ?"

ಜೋಗಮ್ಮ ಕಾಯಿ ಇದ್ದ ಚೀಲವನ್ನು ಕಂಕುಳಿಗೆ ಸಿಕ್ಕಿಸಿಕೊಂಡು ಬಾಗಿಲಿಗೆ ಹೋಗಿ ಚಪ್ಪಲಿ ಮೆಟ್ಟಿದಳು.

"ಚಿಕ್ಕೀರ, ಕಾಯಿ ತಂದೀನಿ. ದೇವ್ರ ಮುಂದೆ ಒಡೀದೆ ನಾನು ನೀರು ಮುಟ್ಟಲ್ಲ. ನನಗೆ ಬಾಯಾರಿಕೆ ಆಗೈತೆ. ನಡಿ ಯಾವ ಕಡೆ?"

ಓಣಿಯಲ್ಲಿ ನೂರು ಹೆಜ್ಜೆಯೂ ಇರಲಿಲ್ಲ. ವನಜಾಕ್ಷಿಗೆ ಅದು ಮೊಳಕಾಲ್ಮೂರಿಗೆ ನಡೆದಷ್ಟಾಯಿತು. ಮನೆ ಹೇಗಿದೆಯೋ ಎಂಬುದೇ ಭಯ. ಬೆಳಿಗ್ಗೆ ಸಾಮಾನೆಲ್ಲ ಅಲ್ಲಿಗೆ ಸಾಗಿಸುವ ಗಡಿಬಿಡಿಯಲ್ಲಿ ಕಸ ಹೊಡೆದಿದ್ದು ಬಿಟ್ಟರೆ ಬೇರೇನೂ ಮಾಡಿರಲಿಲ್ಲ. ಕಟ್ಟೆಯ ಮೇಲೆ ಶೇಂಗಾ ಸುಲಿಯುತ್ತಿದ್ದವಳೊಬ್ಬಳು, "ವನಜಕ್ಕ, ಬೀಗ್ರು ನಿಮ್ಮನೆ ನೋಡಾಕೆ ಬಂದ್ರಾ?" ಎಂದು ಕೂಗಿದಳು. ಪಾಪ, ಅವಳಿಗೇನು ಗೊತ್ತು. ವನಜಾಕ್ಷಿ ಹೂಂ ಎಂದಳು. ಆ ದಿನ ಅವಳು ಆಡಿದ ಎರಡನೆಯ ನಿಜ ಅದು.

"ತಲೆ ಬಗ್ಗಿಸ್ರಿ," ಎಂದ ಪಾತಣ್ಣ ಬಾಗಿಲಲ್ಲಿ. ಚಿಕ್ಕೀರಪ್ಪ ಸೊಂಟ ಬಗ್ಗಿಸಿಯೇ ಒಳಗೆ ಬರಬೇಕಾಯಿತು.

ಒಳಗೆ ಬಂದ ಕೂಡಲೇ ಹೊರಗಿನ ಉರಿ ನಿಂತುಹೋಯಿತು. ಕಣ್ಣಿಗೆ ಮೊದಲು ಕತ್ತಲೆ, ಆಮೇಲೆ ಮಾಳಿಗೆಯ ಗವಾಕ್ಷಿಯಿಂದ ನೆಲಕ್ಕೆ ಬಿದ್ದ ಚೌಕದ ಬಿಸಿಲು, ಆಮೇಲೆ ಗೂಡಿನಲ್ಲಿ ಸಣ್ಣಗೆ ಉರಿಯುವ ದೀಪ. ಯಾರು ಯಾವ ಮನೆಯ ನಾಟಕ ಆಡಿದರೂ ಪಾತಣ್ಣ ಬೆಳಿಗ್ಗೆ ಎದ್ದು ತನ್ನ ದೀಪ ಹಚ್ಚಿಯೇ ಹೋಗಿದ್ದ. ಜೋಗಮ್ಮ ಪೆಟ್ಟಿಗೆಯ ಮುಂದೆ ಅಡ್ಡಬಿದ್ದಳು. ಎದ್ದು ಕಾಯಿಯನ್ನು ಮಗನ ಕೈಗೆ ಕೊಟ್ಟಳು.

ಚಿಕ್ಕೀರಪ್ಪ ಕಾಯಿ ಹಿಡಿದುಕೊಂಡು ನಿಂತೇ ಇದ್ದ. ವನಜಾಕ್ಷಿ ಅವನ ಕೈಯನ್ನೇ ನೋಡುತ್ತಿದ್ದಳು.

"ಒಡಿ. ದೇವ್ರೇನು ಸುಳ್ಳು ಹೇಳಿಲ್ಲ," ಎಂದಳು ಜೋಗಮ್ಮ.

ಹೊಸ್ತಿಲ ಪಕ್ಕದ ಕಲ್ಲಿಗೆ ಒಂದೇ ಏಟು. ಎರಡು ಹೋಳುಗಳೂ ಪೆಟ್ಟಿಗೆಯ ಕೆಳಗಿನ ಹಿತ್ತಾಳೆ ತಟ್ಟೆಗೆ ಬಂದವು. ಚಿಕ್ಕೀರಪ್ಪ ಅವುಗಳಿಗೆ ಬೆನ್ನು ಮಾಡಿ ಕಂಬದ ಬುಡದಲ್ಲಿ ಕೂತ. ಒಪ್ಪದಿದ್ದರೆ ಎರಡೂ ಹೋಳು ಚೀಲಕ್ಕೆ ಹೋಗುತ್ತವೆ. ಹೋಗುತ್ತವೆ ಎಂದೇ ವನಜಾಕ್ಷಿ ಮನಸ್ಸು ಗಟ್ಟಿ ಮಾಡಿಕೊಂಡಳು. ಬಂದವರಿಗೆ ಟೀಯಾದರೂ ಕೊಡಬೇಕಲ್ಲ ಎಂದು ಒಲೆಯ ಮುಂದೆ ಕೂತಳು. ಒಳ್ಳೆಯ ಲೋಟಗಳು ಅಲ್ಲೇ ಉಳಿದಿದ್ದವು, ಇಲ್ಲಿದ್ದದ್ದು ಅಂಚು ನೆಗ್ಗಿದ ಹಳೆಯವು. ಕೈ ತಾನೇ ಬಲಕ್ಕೆ ಹೋಗಿ ಸಕ್ಕರೆ ತಂದಿತು, ತಾನೇ ಎಡಕ್ಕೆ ಹೋಗಿ ಶುಂಠಿ ತಂದಿತು. ಅವಳು ಒಲೆಯಿಂದ ಕಣ್ಣೆತ್ತಲಿಲ್ಲ.

ಮಡಕೆಯ ನೀರು ಎರಡು ಚೊಂಬು ಕುಡಿದು ಜೋಗಮ್ಮ ಮಾಳಿಗೆ ನೋಡಿದಳು. "ಕರಲು ಮಣ್ಣು ಯಾವಾಗ ಹಾಕ್ಸಿದ್ರಿ?"

"ಹೋದ ವರ್ಷ, ಅಜ್ಜಿ. ನಾನೂ ಇವ್ರೂ ತುಳಿದ್ವಿ."

"ಮದ್ವಿ ಆದ್ಮ್ಯಾಲೆ ಹುಡ್ಗ ಹುಡ್ಗಿ ಎಲ್ಲಿ ಮಲಗ್ತಾರೆ?"

ಈ ಪ್ರಶ್ನೆಗೆ ವನಜಾಕ್ಷಿ ಎಷ್ಟೋ ದಿನದಿಂದ ಹೆದರಿದ್ದಳು. ಈಗ ಹೆದರಲು ಏನೂ ಉಳಿದಿರಲಿಲ್ಲ. "ಒಳಗಿನ ಕೋಣೆ ಅವ್ರಿಗೆ. ನಾವಿಬ್ರೂ ಮಾಳಿಗೆ ಮ್ಯಾಲೆ. ನಾನು ಬಂದಾಗ ನಮ್ಮತ್ತೆ ಮಾವಾನೂ ಹಂಗೇ ಮಲಗ್ತಿದ್ರು."

"ಮಳೆ ಬಂದ್ರೆ?"

"ಈ ಕಡೀಗೆ ಮಳೆ ಬರೋದು ನಿಮಗೆ ಗೊತ್ತಿಲ್ವೇನಜ್ಜಿ," ಎಂದ ಪಾತಣ್ಣ. "ಬಂದ್ರೆ ಪಡಸಾಲಿ ಐತೆ."

ಚಿಕ್ಕೀರಪ್ಪ ನಗಲಿಲ್ಲ. ಟೀ ಲೋಟ ಹಿಡಿದು, ವನಜಾಕ್ಷಿಯ ಕಡೆ ತಿರುಗಿ, ಅಲ್ಲಿ ಕೇಳಿದ್ದನ್ನೇ ಇಲ್ಲಿಯೂ ಕೇಳಿದ. ದನಿ ಮಾತ್ರ ಇಳಿದಿತ್ತು. "ಯಾಕ್ ತಾಯಿ ಹಂಗ್ ಮಾಡಿದ್ರಿ?"

"ಹೆದ್ರಿಕೆ ಆತಣ್ಣ. ಹಿಂದೆ ಬಂದೋರು ಬಾಗ್ಲಾಗೇ ನಿಂತು ಹೋದ್ರು. ನಮಗೆ ಈ ಮನೆ ಯಾವತ್ತೂ ಸಾಲ್ದೆ ಬಂದಿಲ್ಲ. ಬ್ಯಾರೇರ ಕಣ್ಣಾಗೆ ನೋಡಿದ್ನಲ್ಲ, ಅವತ್ತಿಂದ ಸಾಲ್ದೆ ಬಂತು. ನನ್ನ ಮಗ ಒಬ್ನೇ ಉಳ್ದುಬಿಡ್ತಾನೇನೋ ಅಂತ..." ಅವಳು ಖಾಲಿ ಪಾತ್ರೆಯನ್ನು ಪಕ್ಕಕ್ಕೆ ಸರಿಸಿದಳು. "ಅವನು ಬ್ಯಾಡ ಅಂದಿದ್ದ. ತಪ್ಪು ನಂದು. ಅವನ ಮ್ಯಾಲೆ ಹಾಕ್ಬ್ಯಾಡ್ರಿ."

ಚಿಕ್ಕೀರಪ್ಪ ಟೀ ಮುಗಿಸಿ ಲೋಟ ಕೆಳಗಿಟ್ಟ. ಜೋಗಮ್ಮ ಸೆರಗು ಸುತ್ತಿ ತಲೆಯಡಿ ಇಟ್ಟುಕೊಂಡು ಸಾರಿಸಿದ ನೆಲದ ಮೇಲೆ ಉದ್ದಕ್ಕೆ ಚಾಚಿಕೊಂಡಳು. "ಐದು ನಿಮಿಷ ಕಣ್ ಮುಚ್ತೀನಿ ತಡಿ," ಎಂದಳು. ಲೋಟ ತೊಳೆದಿಡುವುದರೊಳಗೆ ಗೊರಕೆ ಕೇಳಿಸಿತು.

ಹನ್ನೆರಡರ ಬಸ್ಸಿನ ಹಾರನ್ ಸದ್ದು ದೂರದಿಂದ ಕೇಳಿಸಿ ಹೋಯಿತು. ಚಿಕ್ಕೀರಪ್ಪ ತಾಯಿಯ ಭುಜಕ್ಕೆ ಕೈ ಚಾಚಿ, ಮುಟ್ಟದೆ ಹಿಂದೆಗೆದ.

"ನಮ್ಮವ್ವ ಹಗಲೊತ್ತು ಮಲಗೋಳಲ್ಲ," ಎಂದು ಯಾರಿಗೂ ಅಲ್ಲವೆಂಬಂತೆ ಹೇಳಿದ.

ಗವಾಕ್ಷಿಯ ಬಿಸಿಲು ಸರಿಯುತ್ತ ಸರಿಯುತ್ತ ಮುದುಕಿಯ ಕಿವಿಯ ಹತ್ತಿರ ಬಂದಿತ್ತು. ಇನ್ನೊಂದು ಗೇಣು ಸರಿದರೆ ಕಣ್ಣಿಗೆ ಬೀಳುತ್ತದೆ, ಎಚ್ಚರವಾಗುತ್ತದೆ, ಎದ್ದು ಹೊರಡುತ್ತಾರೆ. ವನಜಾಕ್ಷಿ ಮೊರ ತೆಗೆದುಕೊಂಡು ಹೊರಗೆ ಹೋಗಿ ಏಣಿ ಹತ್ತಿದಳು. ಬೇಸಿಗೆಯ ಮಧ್ಯಾಹ್ನ ಗವಾಕ್ಷಿಗೆ ಮೊರ ಮುಚ್ಚುವುದು ಅವಳು ದಿನಾ ಮಾಡುವ ಕೆಲಸವೇ.

ಮಾಳಿಗೆಯ ಮಣ್ಣು ಬರಿಗಾಲಿಗೆ ಸುಡುತ್ತಿತ್ತು. ಓಣಿಯ ಆ ತುದಿಯಲ್ಲಿ, ರಾಜಣ್ಣನ ಗೇಟಿನ ಮುಂದೆ, ಲೋಹಿತನ ಬೈಕು ನಿಂತಿತ್ತು. ಅವನು ಒಳಗೆ ಹೋಗಿ ಹೊರಗೆ ಬಂದು, ಹೆಲ್ಮೆಟ್ಟು ಕೈಯಲ್ಲಿ ಹಿಡಿದು ಈ ಕಡೆ ನೋಡಿದ. ಅವಳು ಅವನಿಗೆ ಕೈ ಮಾಡಲಿಲ್ಲ. ಏನೆಂದು ಕೈ ಮಾಡುವುದು? ಗವಾಕ್ಷಿಯ ಅಂಚಿನಲ್ಲಿ, ತನ್ನ ನೆರಳು ಕೆಳಗೆ ಬೀಳದ ಹಾಗೆ ಪಕ್ಕಕ್ಕೆ ಕೂತು ಬಗ್ಗಿದಳು. ಕೆಳಗೆ ಮುದುಕಿಯ ಮುಖ, ಕಂಬ, ಪಾತಣ್ಣನ ಮೊಣಕಾಲು, ಹಿತ್ತಾಳೆ ತಟ್ಟೆ. ತಟ್ಟೆಯ ಮುಂದೆ ಚಿಕ್ಕೀರಪ್ಪ ಕೂತಿದ್ದ. ಅವನ ಮುಖ ಕಾಣುತ್ತಿರಲಿಲ್ಲ, ಕೈ ಕಾಣುತ್ತಿತ್ತು.

ಕೈ ಒಂದು ಹೋಳನ್ನು ಎತ್ತಿ ಚೀಲಕ್ಕೆ ಹಾಕಿತು.

ವನಜಾಕ್ಷಿ ಮೊರವನ್ನು ಎದೆಗವಚಿಕೊಂಡಳು. ಕೈ ಮತ್ತೆ ತಟ್ಟೆಗೆ ಬಂತು. ನೋಡಬಾರದು ಎಂದುಕೊಂಡಳು, ನೋಡಿದಳು. ಕೈ ತಟ್ಟೆಯ ಅಂಚಿನಲ್ಲಿದ್ದ ಕುಂಕುಮವನ್ನು ಒಂದು ಬೆರಳಿನಿಂದ ಮುಟ್ಟಿತು, ಹಣೆಯ ಕಡೆ ಮೇಲೆ ಹೋಯಿತು, ಬರಿದಾಗಿ ಇಳಿದು ಚೀಲದ ಬಾಯಿ ಕಟ್ಟಿತು. ಇನ್ನೊಂದು ಹೋಳು ತಟ್ಟೆಯಲ್ಲೇ ಇತ್ತು. ಆಮೇಲೆ ಚಿಕ್ಕೀರಪ್ಪ ಹಿಂದಕ್ಕೆ ಸರಿದು ಗೋಡೆಗೆ ಒರಗಿ ಕಾಲು ಚಾಚಿದ. ಕಾಲು ಎದುರಿನ ಕಂಬದವರೆಗೂ ಬಂತು.

ಅಂಗಾಲು ಸುಡುತ್ತಿರುವುದು ಅವಳಿಗೆ ಆಗ ತಿಳಿಯಿತು. ಓಣಿಯಲ್ಲಿ ಬೈಕಿನ ಸದ್ದು ಹತ್ತಿರವಾಗುತ್ತಿತ್ತು. ಮುದುಕಿಗೆ ಎಚ್ಚರವಾಗದ ಹಾಗೆ, ಅವಳು ಮೊರವನ್ನು ಮೆಲ್ಲಗೆ ಗವಾಕ್ಷಿಯ ಮೇಲೆ ಮುಚ್ಚಿದಳು.